ಮೂರು ಗಂಟೆಯೊಳಗೆ ಒಂದು ಸಹಿ

ಹಿರಿಸೊಸೆ ಬಟಾಣಿ ಸುಲಿಯುತ್ತಿದ್ದಳು. ಕಿರಿಸೊಸೆ ಬಂದು ಎದುರಿಗೆ ಕೂತಳು; ತಾನೂ ಒಂದು ಹಿಡಿ ಎತ್ತಿಕೊಂಡು ಸುಲಿಯತೊಡಗಿದಳು. ಶಾಸಕಿಯಾದ ಈ ಐದು ವರ್ಷಗಳಲ್ಲಿ ಅವಳು ಅಡುಗೆಮನೆಯಲ್ಲಿ ಕೂತದ್ದು ಇದೇ ಮೊದಲು. ತಟ್ಟೆಯ ಪಕ್ಕದಲ್ಲಿ ಅವಳೇ ತಂದಿಟ್ಟ ಕಾಗದವಿತ್ತು, ಅದರ ಮೇಲೊಂದು ಪೆನ್ನು. ಇಬ್ಬರೂ ಅದರ ಕಡೆ ನೋಡಲಿಲ್ಲ.

ವಿಷಯ ಸಣ್ಣದೇ. ಎರಡನೇ ಸಲ ಚುನಾವಣೆಗೆ ನಿಂತ ಕಿರಿಯವಳ ನಾಮಪತ್ರ ಎಲ್ಲಾದರೂ ತಿರಸ್ಕಾರವಾದೀತು ಎಂದು ಹಿರಿಯವಳ ಕೈಲೂ ಒಂದು ಹಾಕಿಸಿದ್ದರು. ಡಮ್ಮಿ ಅಭ್ಯರ್ಥಿ. ಕಿರಿಯವಳದು ಅಂಗೀಕಾರವಾಯಿತು. ಇನ್ನು ಹಿರಿಯವಳು ವಾಪಸ್ ಅರ್ಜಿಗೆ ಸಹಿ ಹಾಕಿದರೆ ಮುಗಿಯಿತು. ಇವತ್ತು ಮೂರು ಗಂಟೆಗೆ ಗಡುವು.

ಹಿರಿಯವಳಿಗೆ ಕೈ ಬರುತ್ತಿರಲಿಲ್ಲ... ಚುನಾವಣಾ ಕಚೇರಿಯ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಅವಳ ಹೆಸರು ಅಚ್ಚಾಗಿತ್ತು. ತರಕಾರಿ ತರುವ ನೆಪದಲ್ಲಿ ಎರಡು ಸಲ ಹೋಗಿ ನೋಡಿ ಬಂದಿದ್ದಳು. ಈ ಮನೆಗೆ ಬಂದ ಹದಿನಾರು ವರ್ಷಗಳಲ್ಲಿ ಆ ಹೆಸರಿಗೆ ಕೆಲಸವೇ ಬಿದ್ದಿರಲಿಲ್ಲ. ಬೆಳಗ್ಗೆ ಆರಕ್ಕೇ ಬಾಗಿಲಿಗೆ ಬರುವವರನ್ನು ಕೂರಿಸಿ, ಯಾರ ಮನೆಗೆ ನಲ್ಲಿ ಬಂದಿಲ್ಲ, ಯಾರ ಪಿಂಚಣಿ ನಿಂತಿದೆ ಎಂದು ಕೇಳಿ ಚೀಟಿ ಬರೆದಿಡುವುದು ಅವಳು. ಅದನ್ನು ಓದಿಕೊಂಡು ಮೈಕಿನ ಮುಂದೆ ನಿಲ್ಲುವುದು ಕಿರಿಯವಳು. ಮೈದಾನದ ಚಪ್ಪಾಳೆ ಅಡುಗೆಮನೆಯ ಕಿಟಕಿವರೆಗೂ ಕೇಳುತ್ತಿತ್ತು. ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಉರಿದರೂ ಮಾರನೆಯ ಬೆಳಗ್ಗೆ ಮತ್ತೆ ಚೀಟಿ ಬರೆಯುತ್ತಿದ್ದಳು.

ಅತ್ತೆ ಬಾಗಿಲಲ್ಲಿ ಬಂದು ನಿಂತರು.

"ಆಯ್ತಾ ಸಹಿ? ಇಲ್ಲಾ ಮಹಾರಾಣಿಯವರು ಇನ್ನೂ ಯೋಚನೆ ಮಾಡ್ತಿದಾರಾ?"

"ಅತ್ತೆ, ನೀವು ಸುಮ್ನಿರಿ," ಎಂದಳು ಕಿರಿಯವಳು.

"ನಾನ್ಯಾಕೆ ಸುಮ್ನಿರ್ಲಿ? ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟೋಳು. ನಾಲ್ಕು ಜನ ಕಂಡ್ರೆ ನಾಲಿಗೆ ಒಣಗುತ್ತೆ. ಇವಳಿಗೆ ಯಾರು ಓಟು ಹಾಕ್ತಾರೆ?"

"ಹಾಕ್ತಾರೆ." ಕಿರಿಯವಳು ಹಿರಿಯವಳ ಕಡೆ ತಿರುಗಿದಳು. "ಅದೇ ನನಗೆ ಭಯ. ನಿನ್ನೆ ಹಿಂದಿನ ಬೀದಿಗೆ ಹೋಗಿದ್ದೆ. ಒಂದು ಮನೇಲೂ 'ಬನ್ನಿ ಮೇಡಂ' ಅನ್ನಲಿಲ್ಲ. 'ಅಕ್ಕ ಬರ್ಲಿಲ್ವಾ' ಅಂದ್ರು. ಐದು ವರ್ಷದಿಂದ ಇದನ್ನೇ ಕೇಳಿದೀನಿ ಅಕ್ಕಾ... ನಿಮ್ಮನ್ನ ಕಂಡ್ರೆ ನನಗೆ ಹೊಟ್ಟೆಕಿಚ್ಚು. ಅದಕ್ಕೇ ಒಂದು ಸಭೆಗೂ ಕರ್ಕೊಂಡು ಹೋಗ್ಲಿಲ್ಲ."

ಹಿರಿಯವಳ ಕೈ ನಿಂತಿತು. ತನ್ನೊಬ್ಬಳದೇ ಎಂದುಕೊಂಡಿದ್ದ ಉರಿ ಎದುರಿಗೆ ಕೂತವಳಲ್ಲೂ ಇತ್ತು... ಗೆದ್ದೆ ಎನಿಸಬೇಕಿತ್ತು. ಯಾಕೋ ಕಣ್ಣು ತುಂಬಿ ಬಂತು. ತಾನು ಕಣದಲ್ಲಿ ಉಳಿದರೆ ಓಟು ಒಡೆಯುತ್ತದೆ, ಇಬ್ಬರೂ ಸೋಲುತ್ತಾರೆ. ಆಮೇಲೆ ನಲ್ಲಿ ಬರದವರು ಯಾರ ಬಾಗಿಲಿಗೆ ಹೋಗಬೇಕು? ಕೈ ಒರೆಸಿಕೊಂಡು ಪೆನ್ನು ಎತ್ತಿಕೊಂಡಳು. ಪೂರ್ತಿ ಹೆಸರು ಬರೆದಳು, ಒಂದೊಂದೇ ಅಕ್ಷರ ಬಿಡಿಸಿ.

ಅತ್ತೆ ಕಾಗದ ಎಳೆದುಕೊಂಡು ಹೊರಗೆ ಕಾಯುತ್ತಿದ್ದ ಕಾರಿನ ಕಡೆ ಓಡಿದರು. ಕಿರಿಯವಳ ಫೋನು ಬಡಿದುಕೊಂಡಿತು. ಅವಳು ಅದನ್ನು ಕಿವಿಗಿಟ್ಟುಕೊಂಡು ಎದ್ದಳು.

"ನಾಳೆ ಸಭೇಲಿ ನಂಗೂ ಒಂದು ಕುರ್ಚಿ ಹಾಕ್ಸು," ಎಂದಳು ಹಿರಿಯವಳು.

ಕಿರಿಯವಳು ಹೊಸ್ತಿಲಲ್ಲಿ ನಿಂತಳು. ತಿರುಗಲಿಲ್ಲ.

"ಮುಂದಿನ ಸಾಲೇ ಬೇಕು ಅಂತಿಲ್ಲ. ಮೂಲೇಲಾದ್ರೂ ಪರ್ವಾಗಿಲ್ಲ... ವೇದಿಕೆ ಮೇಲೆ ಹಾಕ್ಸು ಕಣೇ."