ತಂತಿ ಕುದಿಸಿದ ಭಾನುವಾರ

ಏಳು ಫ್ಲೈಓವರ್‌ಗಳ ಆಚೆ ಒಬ್ಬ ರಾಜಕುಮಾರನಿದ್ದ. ಅವನಿಗೆ ರಾಜ್ಯವಿರಲಿಲ್ಲ, ಗುರ್‌ಗಾಂವ್‌ನ ಕಾಲ್ ಸೆಂಟರಿನಲ್ಲಿ ರಾತ್ರಿಪಾಳಿಯಿತ್ತು. ಅವನ ಕುದುರೆಗೆ ಕಾಲುಗಳಿರಲಿಲ್ಲ, ನಾಲ್ಕು ದಪ್ಪ ತಂತಿಗಳಿದ್ದವು. ಆ ಕುದುರೆಗೆ ಅವನು ಒಂದು ದಿನವೂ ಮೈ ಒರೆಸಿದವನಲ್ಲ. ಒದೆಯುತ್ತಿದ್ದ, ಬೈಯುತ್ತಿದ್ದ, ಮೈತುಂಬ ಸ್ಟಿಕರ್ ಅಂಟಿಸುತ್ತಿದ್ದ.

ಅಜ್ಜಿಯಿದ್ದಿದ್ದರೆ ಹೀಗೇ ಶುರುಮಾಡುತ್ತಿದ್ದಳು ಎಂದುಕೊಳ್ಳುತ್ತ ಹರ್ಷಿಣಿ ಹಾಲಿನ ಪಾತ್ರೆಗೆ ನೀರು ತುಂಬಿ ಗ್ಯಾಸ್ ಹಚ್ಚಿದಳು. ದಿಲ್ಲಿಯ ಅಂಚಿನ ಇಂದಿರಾಪುರಂನ ಬಾಡಿಗೆ ಫ್ಲಾಟು, ಭಾನುವಾರದ ಮಧ್ಯಾಹ್ನ. ಅಡುಗೆಮನೆಯ ಬಾಗಿಲಿಗೆ ಒರಗಿ ರಘುನಂದನ್ ನೆಲದ ಮೇಲೆ ಕುಳಿತಿದ್ದ. ಪಾಳಿ ಮುಗಿಸಿ, ಮಲಗದೆ ಬಂದ ಕೆಂಪು ಕಣ್ಣುಗಳು.

ಎಡವಟ್ಟು ಆದದ್ದು ಆಯುಧಪೂಜೆಯ ದಿನ. ಅವನ ಬೇಸ್ ಗಿಟಾರ್ ಅವಳ ಮನೆಯಲ್ಲಿತ್ತು. ಲ್ಯಾಪ್‌ಟಾಪ್, ಕತ್ತರಿ, ಚಾಕುಗಳ ಸಾಲಿಗೆ ಅವಳು ಅದನ್ನೂ ಸೇರಿಸಿದಳು. ಊರಿನಲ್ಲಿ ಅಜ್ಜಿ ಈಳಿಗೆಮಣೆಗೆ ಸವರುತ್ತಿದ್ದಂತೆ, ತುಕ್ಕು ಹಿಡಿದ ತಂತಿಗಳಿಗೆ ಕೊಬ್ಬರಿ ಎಣ್ಣೆ ಸವರಿದಳು. ವೈರ್ ಸಿಕ್ಕಿಸುವ ಜಾಗದ ಸುತ್ತ ಇದ್ದ ಕೊಳಕು ಕಪ್ಪು ಟೇಪನ್ನು ಕಿತ್ತು ಎಸೆದಳು. ಕುಂಕುಮವಿಟ್ಟು, ಚೆಂಡುಹೂ ಮುಡಿಸಿದಳು.

ಎರಡು ದಿನ ಬಿಟ್ಟು, ಕಾಲೇಜ್ ಫೆಸ್ಟಿನಲ್ಲಿದ್ದ ಅವನ ಬ್ಯಾಂಡಿನ ಕಾರ್ಯಕ್ರಮಕ್ಕೆ ಗಿಟಾರನ್ನು ಅವಳೇ ಹೊತ್ತು ತಂದಳು. ತಡವಾಗಿ ಓಡಿಬಂದವನು ಕವರ್ ಬಿಚ್ಚಿದ್ದೇ ಸ್ಟೇಜಿನ ಮೇಲೆ. ಎಣ್ಣೆ ಕುಡಿದ ತಂತಿಗಳು ಒದ್ದೆ ಬಟ್ಟೆ ಒಗೆದಂತೆ ಧಪ್ ಧಪ್ ಎಂದವು. ಎರಡನೆಯ ಹಾಡಿಗೆ ವೈರ್ ಕಳಚಿಕೊಂಡು ಆ ಸದ್ದೂ ನಿಂತಿತು. ವೈರನ್ನು ಇಷ್ಟು ದಿನ ಹಿಡಿದಿಟ್ಟಿದ್ದು ಆ ಟೇಪೇ. ಹುಡುಗರು ಸೀಟಿ ಹೊಡೆದರು. ರಘು ಕುಂಕುಮದ ಬೊಟ್ಟನ್ನು ನೋಡಿದ, ಜನರ ನಡುವೆ ಅವಳನ್ನು ನೋಡಿದ, ಸ್ಟೇಜಿನಿಂದ ಇಳಿದು ಹೋದ.

"ನಾನೇ ಸರಿಮಾಡಿಕೊಡ್ತೀನಿ," ಎಂದು ಆಮೇಲೆ ಫೋನಿನಲ್ಲಿ ಮಾತು ಕೊಟ್ಟಿದ್ದಳು.

"ಕುದಿಸಬೇಕು," ಎಂದಷ್ಟೇ ಹೇಳಿ ಅವನು ಇಟ್ಟುಬಿಟ್ಟಿದ್ದ.

ಈಗ ಟೇಪನ್ನು ಅವನೇ ಹೊಸದಾಗಿ ಸುತ್ತಿ ತಂದಿದ್ದ. ಉಳಿದದ್ದು ಅವಳ ಕೆಲಸ. ತಂತಿಗಳನ್ನು ಸುರುಳಿ ಮಾಡಿ ಸೋಪುನೀರಿಗೆ ಬಿಟ್ಟಳು. ನೀರಿನ ಮೇಲೆ ಜಿಡ್ಡು ತೇಲಿತು.

ರೂಮ್‌ಮೇಟ್ ಸ್ಫೂರ್ತಿ ಇಣುಕಿದಳು. "ಏನೇ ಅದು, ನೂಡಲ್ಸಾ?"

"ತಂತಿ ಕಣೇ."

"ಅಚ್ಛಾ. ಒಗ್ಗರಣೆಗೆ ಸಾಸಿವೆ ತರಲಾ?"

"ಹೇರ್ ಡ್ರೈಯರ್ ತಾ. ಒಣಗಿಸಬೇಕು."

ಡ್ರೈಯರ್ ಕೊಟ್ಟು, ಹಣೆ ಚಚ್ಚಿಕೊಂಡು ಅವಳು ಹೋದಳು. ರಘುವಿನ ತುಟಿಯ ಒಂದು ತುದಿ ಮಾತ್ರ ನಕ್ಕಿತು.

"ಕೋಪ ಇದೆಯಾ?"

"ಇಲ್ಲ ಯಾರ್. ಥಕ್ ಗಯಾ, ಸುಸ್ತಾಗಿದೆ ಅಷ್ಟೇ."

"ಬ್ಯಾಂಡಿನವರು ಏನಂದ್ರು?"

"ನಿನ್ನ ಗಿಟಾರಿಗೆ ಶಾದಿ ಆಯ್ತಾ ಅಂದ್ರು."

ಅವಳಿಗೆ ನಗು ಬಂತು, ನಗಲಾಗಲಿಲ್ಲ. ದೀಪಾವಳಿಗೆ ದಾವಣಗೆರೆಗೆ ಹೋದಾಗ ಅಪ್ಪನಿಗೆ ಉತ್ತರ ಕೊಡಬೇಕಿತ್ತು. ಅವರು ನೋಡಿಟ್ಟ ಹುಡುಗನಿಗೆ ಹೂಂ ಎನ್ನುವುದೋ, ರಘುವಿನ ಹೆಸರು ಹೇಳುವುದೋ? ತನ್ನದೇ ವಸ್ತುವನ್ನು ಹೀಗೆ ಒದ್ದು ಎಳೆದಾಡುವವನ ಜೊತೆ ಬಾಳುವುದು ಹೇಗೆ? ದಿನಾ ಆಫೀಸಿನ ಕ್ಯಾಬ್‌ನಲ್ಲಿ ಇದೇ ಯೋಚನೆ. ಯೋಚಿಸಿ ಯೋಚಿಸಿ ಅವಳೂ ದಣಿದಿದ್ದಳು.

ಗ್ಯಾಸ್ ಆರಿಸಿ, ತಂತಿಗಳನ್ನು ತೆಗೆದು ಡ್ರೈಯರಿನಿಂದ ಒಣಗಿಸಿ, ನೆಲದ ಮೇಲೆ ಕುಳಿತು ಗಿಟಾರನ್ನು ತೊಡೆಯ ಮೇಲೆ ಎಳೆದುಕೊಂಡಳು. ಕೆಳಗಿನ ಅಂಚೆಲ್ಲ ಚಕ್ಕೆ ಎದ್ದಿತ್ತು. ಮೇಲಿನ ಅಂಚಿನಲ್ಲಿ ಮಾತ್ರ ಬಣ್ಣ ಸವೆದು, ಮರ ನುಣ್ಣಗೆ ಹೊಳೆಯುತ್ತಿತ್ತು.

"ಇಲ್ಲಿಯ ಬಣ್ಣ ಏನಾಯ್ತು?"

"ಅಲ್ಲಿ ನನ್ನ ಕೈ ಇರ್ತದೆ."

"ಕಾಲು ಇರೋ ಜಾಗವೂ ಕಾಣ್ತಿದೆ. ಯಾಕೆ ಒದೀತೀಯಾ ಇದನ್ನ?"

"ಪಂಕ್ ಮ್ಯೂಸಿಕ್ ಅಲ್ವಾ, ಸ್ಟೇಜಲ್ಲಿ ಒದೀಬೇಕು. ಜನ ಕಾಯ್ತಿರ್ತಾರೆ." ಕಣ್ಣು ಉಜ್ಜಿಕೊಂಡ. "ನನಗೂ ಸಾಕಾಗಿದೆ ಅದು. ಬಸ್ಸಿನಲ್ಲಿ ಸೀಟು ಸಿಕ್ಕಿದ್ರೆ ಇದನ್ನೇ ಕೂರಿಸ್ತೀನಿ, ಗೊತ್ತಾ? ನಾನು ನಿಂತ್ಕೊಂಡು ಬರ್ತೀನಿ. ಕಂಡಕ್ಟರ್ ಬೈತಾನೆ."

ಅವಳು ಅವನನ್ನೇ ನೋಡಿದಳು. ಅವನು ಕಣ್ಣು ತಪ್ಪಿಸಿ ಡ್ರೈಯರಿನ ವೈರನ್ನು ಬೆರಳಿಗೆ ಸುತ್ತತೊಡಗಿದ. ಕಿವಿ ಕೆಂಪಾಗಿತ್ತು.

"ನನಗೆ ಒದೆಯೋರೂ ಬೇಡ," ಎಂದಳು ಮೆಲ್ಲಗೆ, "ಸೀಟು ಬಿಟ್ಟುಕೊಟ್ಟು ನಿಂತ್ಕೊಳ್ಳೋರೂ ಬೇಡ."

"ಮತ್ತೆ?"

"ಪಕ್ಕದಲ್ಲಿ ಕೂರೋರು ಬೇಕು."

ಅವನು ಡ್ರೈಯರನ್ನು ಪಕ್ಕಕ್ಕಿಟ್ಟ. ಆಮೇಲೆ ನೆಲದ ಮೇಲೆಯೇ ಜಾರಿಕೊಂಡು ಬಂದು ಅವಳ ಪಕ್ಕ ಕುಳಿತ. ತೋಳಿಗೆ ತೋಳು ತಾಗಿತು.

"ಪಕ್ಕ ಕೂತ್ರೆ ನನಗೆ ನಿದ್ದೆ ಬರ್ತದೆ. ಬಾಯಿ ತೆರೆದು ಮಲಗ್ತೀನಿ."

"ಪರವಾಗಿಲ್ಲ."

"ದೀಪಾವಳಿಗೆ ನಾನೂ ಬರಲಾ? ಅಂಕಲ್ ಹತ್ರ ನಾನೇ ಮಾತಾಡ್ತೀನಿ. ಕನ್ನಡದಲ್ಲೇ."

"ಈ ದಿಲ್ಲಿ ಕನ್ನಡದಲ್ಲಾ?"

"ಕಮ್ಮಿ ಮಾತಾಡ್ತೀನಿ. ನಿನ್ನ ಮಗಳು ನನಗೆ ಬೇಕು ಅಂತ."

"ನಿಮ್ಮ ಮಗಳು ಅನ್ನಬೇಕು ಕಣೋ. ದೊಡ್ಡವರು."

"ನಿಮ್ಮ ಮಗಳು," ಎಂದ ಅವನು, ಪಾಠ ಒಪ್ಪಿಸುವ ಹಾಗೆ. "ನನಗೆ ಬೇಕು."

ಹರ್ಷಿಣಿ ತಲೆ ತಗ್ಗಿಸಿ, ಒಣಗಿದ ತಂತಿಗಳನ್ನು ಒಂದೊಂದಾಗಿ ಎಳೆದು ಬಿಗಿದಳು. ಅವನು ಕೈ ಹಾಕಲಿಲ್ಲ, ಹೇಳಿಕೊಟ್ಟ. ದಪ್ಪದ್ದು ಕಡೆಗೆ ಉಳಿಯಿತು. ಬಿರಡೆ ತಿರುಗಿಸಿ ಮೀಟಿದಳು.

"ಇನ್ನೂ."

ತಿರುಗಿಸಿದಳು. "ನಾಳೆ ಟಿಕೆಟ್ ನೋಡು. ಇಬ್ಬರಿಗೂ."

"ಹೂಂ," ಎಂದ ಅವನು, ಅವಳನ್ನು ನೋಡದೆ, ಕಿವಿಯನ್ನು ಮರಕ್ಕೆ ಹಚ್ಚಿ. "ಇನ್ನೂ ಸ್ವಲ್ಪ."

ಮತ್ತೆ ಮೀಟಿದಳು. ಸದ್ದು ಮರದಿಂದ ಅವಳ ತೊಡೆಗೆ, ಅಲ್ಲಿಂದ ಎದೆಗೆ ಗುಂಯ್ ಎಂದು ಏರಿತು.

"ಬಸ್, ಸಾಕು," ಎಂದ ರಘು. "ಸರಿಹೋಯ್ತು."