ಹಸಿ ಸಿಮೆಂಟಿನ ಹೆಜ್ಜೆ

"ಆ ಮಗೀನ ಕಾಲಿಂದ ಶೂ ಬಿಚ್ಚಬೇಡ ಕಣವ್ವ! ದಮ್ಮಯ್ಯ ಅಂತೀನಿ, ಬಿಚ್ಚಬೇಡ!"

ರಸ್ತೆಯ ಆಚೆ ಬದಿಯಿಂದ ಬಂದ ಕೂಗಿಗೆ ಡೆಲ್ಫೀನ್ ಟಾಲಿವರ್ ತಲೆಯೆತ್ತಲಿಲ್ಲ. ಗ್ರೀನ್‌ಬ್ರಯರ್ ಬೀದಿಯಲ್ಲಿ ಹಾಗೆ ಗಂಟಲು ಹರಿಯುವಂತೆ ಕೂಗುವವಳು ಮಿಸ್ ಓಲಾ ಒಬ್ಬಳೇ. ಈಗ ಮೂರು ಅಂತಸ್ತಿನ ಹೊಸ ಕಟ್ಟಡ ಎದ್ದುನಿಂತಿರುವ ಜಾಗದಲ್ಲೇ ಆ ಮುದುಕಿಯ ಮನೆಯಿತ್ತು. ಅದನ್ನು ಕೆಡವಿ, ಅವಳಿಗೆ ಊರಾಚೆ ಒಂದು ಫ್ಲಾಟ್ ಕೊಟ್ಟು ಕಳಿಸಿದ್ದರು. ಕಳಿಸಿದರೆ ಹೋಗಿಬಿಡುತ್ತಾಳೆಯೇ? ಬೆಳಗಾದರೆ ಸಾಕು, ಕಂಕುಳಲ್ಲಿ ಹಸಿರು ಪಟ್ಟಿಯ ಮಡಚುವ ಕುರ್ಚಿ ಸಿಕ್ಕಿಸಿಕೊಂಡು ಬಸ್ಸಿನಲ್ಲಿ ವಾಪಸು ಬರುತ್ತಿದ್ದಳು. ಎದುರು ಫುಟ್‌ಪಾತಿನ ಪೆಕನ್ ಮರದ ಕೆಳಗೆ ಕುರ್ಚಿ ಬಿಡಿಸಿ, ತನ್ನ ಮನೆಯಿದ್ದ ಕಡೆಗೆ ಮುಖಮಾಡಿ ಕೂತರೆ ಕತ್ತಲಾಗುವವರೆಗೂ ಏಳುತ್ತಿರಲಿಲ್ಲ.

ಡೆಲ್ಫೀನ್ ಈ ಕಟ್ಟಡದ ಉಸ್ತುವಾರಿಗೆಂದು ಶಿಕಾಗೋದಿಂದ ಜಾರ್ಜಿಯಾದ ಮೇಕನ್ ಊರಿಗೆ ಬಂದವಳು. ಅವಳೂ ಈ ಬೀದಿಯವರಂತೆ ಕಪ್ಪು ಜನಾಂಗದವಳೇ. ಅವಳ ಅಜ್ಜಿಯೂ ಇದೇ ಸೀಮೆಯಿಂದ ಉತ್ತರಕ್ಕೆ ಗುಳೆ ಹೋದವಳೇ. ಆದರೆ ಬೇರಿನ ಮಾಟ, ಬಾಟಲಿಯ ದೆವ್ವ ಎಂಬ ಇಲ್ಲಿಯವರ ನಂಬಿಕೆಗಳೆಂದರೆ ಅವಳಿಗೆ ಎಲ್ಲಿಲ್ಲದ ನಗು. ಹೊಸ ಫುಟ್‌ಪಾತಿಗೆ ಸಿಮೆಂಟು ಸುರಿದ ದಿನ, ಕಟ್ಟಡಕ್ಕೆ ಮೊದಲು ಬರುವ ಸಂಸಾರದವರು ಅದರಲ್ಲಿ ಬರಿಗಾಲಿನ ಗುರುತು ಮೂಡಿಸುವುದು ಅವಳ ಕಂಪನಿಯ ರೂಢಿ. ಪತ್ರಿಕೆಯವರು ಬಂದು ಫೋಟೋ ಹಿಡಿಯುತ್ತಾರೆ. ಈ ಸಲದ ಮೊದಲ ಸಂಸಾರ ಅವಳದೇ. ಮೂರನೇ ಅಂತಸ್ತಿನ ಮೂಲೆಯ ಮನೆಯನ್ನು ಅವಳೇ ಕೊಂಡಿದ್ದಳು.

ಕೊಂಡದ್ದು ಮಗಳಿಗಾಗಿ. ಡೆಲ್ಫೀನ್ ಚಿಕ್ಕವಳಿದ್ದಾಗ ಬಟ್ಟೆಬರೆಯನ್ನು ಕಸದ ಚೀಲಕ್ಕೆ ತುಂಬಿಕೊಂಡು ತಾಯಿಯ ಹಿಂದೆ ಒಂದು ಬಾಡಿಗೆ ಮನೆಯಿಂದ ಇನ್ನೊಂದಕ್ಕೆ ಅಲೆದವಳು. ಯಾವ ಶಾಲೆಯಲ್ಲೂ ತನ್ನ ಹೆಸರು ಯಾರಿಗಾದರೂ ನೆನಪಿರುವಷ್ಟು ದಿನ ಉಳಿದವಳಲ್ಲ. ಜೂನಿ ಹುಟ್ಟಿದ ದಿನವೇ ಅವಳು ಆಣೆ ಹಾಕಿಕೊಂಡಿದ್ದಳು, ಈ ಮಗು ಒಂದೇ ಬಾಗಿಲ ಹಿಂದೆ ಬೆಳೆಯಬೇಕು, ಯಾರೂ ಇವಳಿಗೆ 'ಎದ್ದು ಹೋಗು' ಅನ್ನಬಾರದು ಎಂದು. ಜೂನಿಗೆ ಈಗ ಐದು ವರ್ಷ.

"ಮಿಸ್ ಓಲಾ, ಇದು ಸಿಮೆಂಟು! ಗಟ್ಟಿಯಾದ ಮೇಲೆ ಯಾರು ಹೊತ್ಕೊಂಡು ಹೋಗ್ತಾರೆ?" ಡೆಲ್ಫೀನ್ ನಗುತ್ತಲೇ ಶೂ ಬಿಚ್ಚಿದಳು.

"ಕಾಲಡಿ ಗುರುತು ಸಿಕ್ರೆ ಆಳೇ ಸಿಕ್ಕ ಹಾಗೆ ಕಣೇ! ನನ್ನಜ್ಜಿ ಹೂತಿಟ್ಟಿದ್ದು ಅದರ ಕೆಳಗೇ ಇದೆ. ಇಷ್ಟು ವರ್ಷ ಅದಕ್ಕೆ ಹಿಡ್ಕೊಳ್ಳೋಕೆ ಏನೂ ಸಿಕ್ಕಿರಲಿಲ್ಲ. ನೀನಾಗೇ ಕೊಡ್ತಿದೀಯಲ್ಲೇ!"

ಫೋಟೋದವನು ಕಿಸಕ್ಕನೆ ನಕ್ಕ. ಮೇಸ್ತ್ರಿ ಹಾಲಿಸ್ ಮಾತ್ರ ನಗಲಿಲ್ಲ.

ಅವನು ಇದೇ ಊರಿನವನು, ಆ ಕತೆ ಅವನಿಗೆ ಗೊತ್ತಿತ್ತು. ಹಿಂದೆ ಹೆದ್ದಾರಿ ಬಂದಾಗ ಅರ್ಧ ಬೀದಿಯನ್ನೇ ಎಬ್ಬಿಸಿದ್ದರು. ಅಂದು ಮಿಸ್ ಓಲಾಳ ಅಜ್ಜಿ ಹೊರಟುನಿಂತ ಪ್ರತಿ ಮನೆಯ ಹೊಸ್ತಿಲಿಗೂ ಹೋಗಿ, ಅವರ ಕಾಲಡಿಯ ಮಣ್ಣನ್ನು ಬಳಿದು ಗಾಜಿನ ಜಾಡಿಗೆ ತುಂಬಿ, ಕೆಂಪು ಬಟ್ಟೆ ಸುತ್ತಿ, ತನ್ನ ಮನೆಯ ಕೆಳಗೆ ಹೂತಿದ್ದಳು. 'ನಮ್ಮನ್ನ ಇಲ್ಲಿಂದ ನಡೆಸಿದವರ ಕುಡಿ ಯಾವ ಸೂರಿನ ಕೆಳಗೂ ನಿಲ್ಲದೆ ಹೋಗಲಿ' ಎಂದು ಉಗುಳಿದ್ದಳಂತೆ. ಪಾಯ ತೋಡುವಾಗ ಆ ಜಾಡಿ ಸಿಕ್ಕಿತ್ತು. ಹಾಲಿಸ್ ಟೋಪಿ ತೆಗೆದು, "ಬಾಸ್, ಇದನ್ನ ಮಿಸ್ ಓಲಾಗೆ ಕೊಟ್ಬಿಡೋಣ" ಎಂದಿದ್ದ. "ಒಂದು ಜಾಡಿ ಮಣ್ಣಿಗೋಸ್ಕರ ಕೆಲಸ ನಿಲ್ಸೋದಾ? ಮುಚ್ಚಿ ಹಾಕು" ಎಂದಿದ್ದಳು ಡೆಲ್ಫೀನ್. ಅಗೆಯುವ ಯಂತ್ರದ ಹಲ್ಲಿಗೆ ಸಿಕ್ಕಿ ಜಾಡಿ ಪಟ್ಟೆಂದು ಒಡೆದಿತ್ತು.

"ಫೋಟೋದಲ್ಲಿ ಆ ಕುರ್ಚಿ ಬರಬಾರದು ಹಾಲಿಸ್," ಅವಳು ಈಗ ಅವನ ಕಿವಿಯ ಬಳಿ ಹೇಳಿದಳು. "ನಾಳೆ ಅಲ್ಲೊಂದು ಬೋರ್ಡು ನೆಡ್ಸು. ಯಾರೂ ಕೂರಕೂಡದು ಅಂತ."

"ಮತ್ತೆ ಅವರು ಎಲ್ಲಿಗೆ ಹೋಗ್ತಾರೆ ಬಾಸ್?"

"ಎಲ್ಲಿಗಾದ್ರೂ. ನಡೀತಾ ಇರ್ಲಿ."

ಜೂನಿ ಪುಟ್ಟ ಪಾದವನ್ನು ಹಸಿ ಸಿಮೆಂಟಿನೊಳಗೆ ಊರಿದಳು. "ತಣ್ಣಗಿದೆ ಅಮ್ಮಾ!" ಕಿಲಕಿಲ ನಗು. ಆಮೇಲೆ ಆ ನಗು ನಿಂತಿತು. "ಅಮ್ಮಾ, ಕೆಳಗಿಂದ ಯಾರೋ ಹಿಡ್ಕೊಂಡ್ರು."

"ಸಿಮೆಂಟು ಹಾಗೇ ಪುಟ್ಟಿ, ಅಂಟುತ್ತೆ." ಡೆಲ್ಫೀನ್ ಎತ್ತಿಕೊಂಡಳು. ಲೊಚಕ್ಕೆಂದು ಸದ್ದು ಮಾಡಿ ಕಾಲು ಬಿಟ್ಟುಕೊಂಡಿತು. ಎದುರು ಫುಟ್‌ಪಾತಿನಲ್ಲಿ ಮಿಸ್ ಓಲಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಂದು ಅವಳು ಹಗಲಲ್ಲೇ ಕುರ್ಚಿ ಮಡಚಿಕೊಂಡು ಹೊರಟುಹೋದಳು.

ಅದೇ ವಾರ ಹಾಲಿಸ್ ಫೋನು ಮಾಡಿದ. ಡೆಲ್ಫೀನ್ ಹೊಸ ಮನೆಯಲ್ಲಿ ಪರದೆ ತೂಗುಹಾಕುತ್ತಿದ್ದಳು. ಫುಟ್‌ಪಾತಿನ ಇಳಿಜಾರು ಸ್ವಲ್ಪ ಜಾಸ್ತಿಯಾಗಿದೆ, ಗಾಲಿಕುರ್ಚಿಯವರಿಗೆ ಕಷ್ಟ, ಒಡೆದು ಮತ್ತೆ ಹಾಕಬೇಕು ಎಂದ.

"ಒಡೀರಿ. ಮಳೆಗೆ ಮುಂಚೆ ಮುಗಿಸಿಬಿಡಿ."

"ಮಗೂನ ಹೆಜ್ಜೆ ಇದೆಯಲ್ಲ ಬಾಸ್, ಅದನ್ನ ಸುತ್ತ ಕೊಯ್ದು ಎತ್ತಿಡ್ಲಾ?"

"ಫೋಟೋ ಇದೆ ಹಾಲಿಸ್. ಒಡೀರಿ ಅಂದೆನಲ್ಲ."

ಕೆಳಗೆ ಯಂತ್ರ ಗಡಗಡ ಶುರುವಾಯಿತು. ಕಿಟಕಿಯ ಗಾಜು ನಡುಗಿತು. ಆಡುತ್ತಿದ್ದ ಜೂನಿ "ಅಯ್ಯೋ!" ಎಂದು ಪಾದ ಹಿಡಿದುಕೊಂಡಳು. ಏನೋ ಚುಚ್ಚಿರಬೇಕೆಂದು ಡೆಲ್ಫೀನ್ ನೋಡಿದಳು. ಮುಳ್ಳೂ ಇರಲಿಲ್ಲ, ಗಾಯವೂ ಇರಲಿಲ್ಲ.

ಹೊಸ ಮನೆಯ ಮೊದಲ ಸಂಜೆ. ಚೀಸ್ ಹಾಕಿದ ಮ್ಯಾಕರೋನಿ ತಿನ್ನುತ್ತಿದ್ದ ಜೂನಿ ಚಮಚ ಕೆಳಗಿಟ್ಟು ಎದ್ದು ಬಾಗಿಲ ಕಡೆ ನಡೆದಳು.

"ಊಟ ಬಿಟ್ಟು ಎಲ್ಲಿಗೆ ಹೋಗ್ತಿದೀಯೆ?"

"ನಾನು ಹೋಗ್ತಿಲ್ಲ ಅಮ್ಮಾ." ಮಗು ಹಿಂತಿರುಗಿ ನೋಡಿತು. ಕಣ್ಣು ನೀರಿನಿಂದ ತುಂಬಿದ್ದವು. "ಕಾಲು ಹೋಗ್ತಿದೆ."

ಡೆಲ್ಫೀನ್ ಬಾಗಿಲಿಗೆ ಅಗುಳಿ ಹಾಕಿದಳು. ಜೂನಿಯ ಮೈ ಬಾಗಿಲಿಗೆ ತಾಗಿ ನಿಂತಿತು, ಕಾಲು ಮಾತ್ರ ನಿಲ್ಲಲಿಲ್ಲ. ಟಕ್, ಟಕ್, ಟಕ್. ಹೆಬ್ಬೆರಳು ಮರಕ್ಕೆ ಬಡಿಯುತ್ತಲೇ ಇತ್ತು. ಎತ್ತಿಕೊಂಡರೆ ಗಾಳಿಯಲ್ಲಿ ನಡೆಯುತ್ತಿತ್ತು, ತಾಯಿಯ ಹೊಟ್ಟೆಗೆ ಹಿಮ್ಮಡಿ ಒದೆಯುತ್ತಿತ್ತು. ಹಾಸಿಗೆಗೆ ಒತ್ತಿ ಹಿಡಿದರೆ ಹೊದಿಕೆಯ ಕೆಳಗೆ ಸರಬರ ಸರಬರ. ಮನೆಯ ತುಂಬ ಹಸಿ ಸಿಮೆಂಟಿನ ವಾಸನೆ. ಅದರ ಅಡಿಯಲ್ಲಿ, ಬಹಳ ಕಾಲ ಮುಚ್ಚಿಟ್ಟ ಮಣ್ಣಿನ ಮುಗ್ಗಲು ವಾಸನೆ. "ನಿಲ್ಸು ಅಮ್ಮಾ, ನೋಯ್ತಿದೆ, ನಿಲ್ಸು" ಎಂದು ಮಗು ಬೆಳಕು ಹರಿಯುವವರೆಗೆ ಅತ್ತಿತು.

ಡಾಕ್ಟರು ನಿದ್ದೆಯಲ್ಲಿ ನಡೆಯುವ ರೋಗ ಎಂದರು. ನಿದ್ದೆಯೇ ಮಾಡದ ಮಗುವಿಗೆ ಅದೆಂಥ ನಿದ್ದೆಯ ರೋಗ! ಔಷಧಿ ಕೊಟ್ಟು ಮಲಗಿಸಿದರು. ಮಗು ಮಲಗಿತು, ಕಾಲು ನಡೆಯಿತು. ಆಸ್ಪತ್ರೆಯಲ್ಲೂ ಅಷ್ಟೇ, ಹೋಟೆಲಿನಲ್ಲೂ ಅಷ್ಟೇ, ಕಾರಿನೊಳಗೂ ಅಷ್ಟೇ. ಹಗಲೆಲ್ಲ ಸರಿ, ಹೊತ್ತು ಮುಳುಗಿತೋ, ಸೂರಿನ ಕೆಳಗೆ ಅವಳ ಕಾಲು ನಿಲ್ಲುತ್ತಿರಲಿಲ್ಲ. ಬೀದಿಗೆ ಬಿಟ್ಟರೆ ಮಾತ್ರ ಅಳು ಅಡಗುತ್ತಿತ್ತು. ಡೆಲ್ಫೀನ್ ಅವಳ ಕೈ ಹಿಡಿದು ನಡೆದಳು. ಎಲ್ಲಿಗೆ ಎಂದು ಕೇಳುವವರಿಲ್ಲ, ಹೇಳುವವರೂ ಇಲ್ಲ.

ಹಾಗೆ ನಡೆಯುತ್ತ ಒಂದು ಮುಸ್ಸಂಜೆ ಗ್ರೀನ್‌ಬ್ರಯರ್ ಬೀದಿಗೆ ಬಂದರು. ಪೆಕನ್ ಮರದ ಕೆಳಗೆ 'ಇಲ್ಲಿ ಕೂರಬಾರದು' ಎಂಬ ಹೊಸ ಬೋರ್ಡು. ಅದಕ್ಕೇ ಒರಗಿಕೊಂಡು ಕುರ್ಚಿಯಲ್ಲಿ ಮಿಸ್ ಓಲಾ. ಅವಳ ಎದುರಿಗೆ ಬಂದದ್ದೇ ತಡ, ಜೂನಿಯ ಕಾಲು ನಿಂತಿತು. ಮುದುಕಿ ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಮಗು ಅದರಲ್ಲಿ ಮುದುಡಿಕೊಂಡು, ಕಣ್ಣು ಮುಚ್ಚುವ ಮೊದಲೇ ನಿದ್ದೆ ಹೋಯಿತು.

ಡೆಲ್ಫೀನ್ ಫುಟ್‌ಪಾತಿನ ಮೇಲೆಯೇ ಕುಸಿದಳು. "ಬಿಡಿಸಿ ಮಿಸ್ ಓಲಾ. ನಿಮ್ಮ ಕಾಲಿಗೆ ಬೀಳ್ತೀನಿ. ಏನ್ ಬೇಕಾದ್ರೂ ಕೊಡ್ತೀನಿ. ನಿಮ್ಮ ಮನೆ ಬೇಕಾದ್ರೂ..."

"ಯಾವ ಮನೆ ಕೊಡ್ತೀಯವ್ವ?"

ಡೆಲ್ಫೀನ್ ಆ ಮನೆಯಿದ್ದ ಜಾಗದಲ್ಲಿ ಎದ್ದುನಿಂತಿದ್ದ ತನ್ನ ಕಟ್ಟಡದ ಕಡೆ ನೋಡಿದಳು.

"ಈ ಮಾಟ ನಾನು ಕಟ್ಟಿದ್ದಾಗಿದ್ರೆ ಈಗಲೇ ಬಿಚ್ತಿದ್ದೆ. ಮಗೀನ ಮೇಲೆ ನನಗೇನು ಹಗೆ?" ಮುದುಕಿ ಮಲಗಿದ್ದ ಮಗುವಿನ ಕೂದಲು ಸವರಿದಳು. "ಹೊರಗೆ ಹಾಕಿಸಿಕೊಂಡೋರು ಕೂತ ಜಾಗ ಇದು, ಅದಕ್ಕೇ ಇಲ್ಲಿ ಬಿಡ್ತದೆ. ನನಗೆ ಗೊತ್ತಿರೋದು ಒಂದೇ ದಾರಿ. ಆ ಹೆಜ್ಜೇನ ಇಡಿಯಾಗಿ ಎತ್ಕೊಂಡು ಬಾ. ತೊಳೆದು, ಬೆರಳು ಒಳಗಡೆ ಬರೋ ಹಾಗೆ ನಿನ್ನ ಬಾಗಿಲಲ್ಲಿ ಇಟ್ರೆ ಕಾಲು ಮನೇಕಡೆ ತಿರುಗ್ತದೆ. ಒಡೆದಿರಬಾರದು, ಅಷ್ಟೇ. ಚೂರೂ ಒಡೆದಿರಬಾರದು."

ಒಡೀರಿ. ಒಡೀರಿ ಅಂದೆನಲ್ಲ. ಡೆಲ್ಫೀನ್ ಕಿವಿಯಲ್ಲಿ ತನ್ನದೇ ದನಿ ಗಡಗಡಿಸಿತು.

ಮರುದಿನ ಅವಳು ಹಾಲಿಸನ ಅಂಗಿ ಹಿಡಿದು ಅಲ್ಲಾಡಿಸಿದಳು. "ಎಲ್ಲಿ ಹಾಕಿದ್ರಿ? ಆ ಚೂರು ಎಲ್ಲಿ?"

"ನಿಮಗೇ ಗೊತ್ತಲ್ಲ ಬಾಸ್," ಅವನು ಅವಳ ಮುಖ ನೋಡಲಾರದೆ ಹೇಳಿದ. "ಒಡೆದಿದ್ದನ್ನ ನಾವು ಎಸೆಯಲ್ಲ. ಪುಡಿ ಮಾಡಿ ಹಿಂದಿನ ಕಾರು ನಿಲ್ಲಿಸೋ ಜಾಗಕ್ಕೆ ಹಾಸಿದ್ವಿ. ಮೇಲೆ ಡಾಂಬರು ಬಿದ್ದಾಯ್ತು. ಉಳಿದಿದ್ದು ಪಕ್ಕದ ಬೀದಿ ಪಾಯಕ್ಕೆ ಹೋಯ್ತು."

ಏನನ್ನೂ ಹಾಳು ಮಾಡುವುದಿಲ್ಲ ಎಂದು ಅವಳೇ ಹೆಮ್ಮೆಪಟ್ಟ ಪದ್ಧತಿ ಅದು. ಅವಳು ಹಾರೆ ಹಿಡಿದು ಓಡಿದಳು. ಓಕ್ಮಲ್ಗಿ ನದಿಯ ಕಡೆಯಿಂದ ಮೋಡ ಕವಿದು ಮಧ್ಯಾಹ್ನವೇ ಕತ್ತಲಾಗಿತ್ತು. ಗುಡುಗು. ಡಾಂಬರಿನ ಕಮಟು ವಾಸನೆ. ಅವಳು ಹಾರೆ ಎತ್ತಿ ಕುಕ್ಕಿದಳು. ಡಾಂಬರು ಬಿರಿಯಿತು. ಇನ್ನೊಮ್ಮೆ ಕುಕ್ಕಿದಳು. ಕೈಹಾಕಿ ಕೆದರಿದಳು. ಬೂದು ಜಲ್ಲಿ. ಬರೀ ಜಲ್ಲಿ. ಮಳೆ ಸುರಿಯಿತು. ಉಗುರು ಕಿತ್ತುಬಂತು. ಅವಳಿಗೆ ಗೊತ್ತಾಗಲಿಲ್ಲ. "ಬಾಸ್, ಸಾಕು!" ಹಾಲಿಸ್ ಕೂಗಿದ. ಆಮೇಲೆ ಅವನೂ ಮಂಡಿಯೂರಿ ಕೆದರತೊಡಗಿದ. ಗುಂಡಿಯೊಳಗಿಂದ ಸದ್ದು ಬಂತು. ಸರಬರ ಸರಬರ. ಒಂದು ಕಾಲಲ್ಲ. ನೂರಾರು ಕಾಲು. ಮುದುಕರ ಕಾಲು, ಮಕ್ಕಳ ಕಾಲು, ನೆಲದಡಿಯಲ್ಲಿ ನಡೆಯುತ್ತಿದ್ದವು. ಹಾಲಿಸ್ ಚೀರಿ ಹಿಂದಕ್ಕೆ ಬಿದ್ದ. ಅವಳು ನಿಲ್ಲಲಿಲ್ಲ. ಕೆದರಿದಳು. ಕೆದರಿದಳು. ಬೆರಳಿಗೆ ಏನೋ ನುಣುಪಾಗಿ ತಾಗಿತು.

ಬಾದಾಮಿಯಷ್ಟು ದೊಡ್ಡ ಚೂರು. ಅದರ ಮೇಲೊಂದು ಪುಟ್ಟ ಗುಳಿ. ಜೂನಿಯ ಕಿರುಬೆರಳು.

ಸಂಜೆ ಮಿಸ್ ಓಲಾ ಆ ಚೂರನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದಳು. ಹೊಂಡದಂತಿದ್ದ ಅವಳ ಕೆನ್ನೆಯ ಮೇಲೆ ನೀರು ಇಳಿಯಿತು.

"ಇಷ್ಟೇನಾ?"

"ಇಷ್ಟೇ ಸಿಕ್ಕಿದ್ದು."

ಮುದುಕಿ ಅದನ್ನು ತೊಳೆದು, ಮೂರನೇ ಅಂತಸ್ತಿಗೆ ಹತ್ತಿ, ತಾನಾಗಿ ಎಂದೂ ಕಾಲಿಡದ ಆ ಮನೆಯ ಬಾಗಿಲಲ್ಲಿ ಇಟ್ಟು, ತನಗೆ ಬಂದ ಪ್ರಾರ್ಥನೆಯನ್ನೆಲ್ಲ ಹೇಳಿದಳು. ಹೊತ್ತು ಮುಳುಗಿತು. ಡೆಲ್ಫೀನ್ ಮಗಳ ಪಾದವನ್ನೇ ನೋಡುತ್ತಿದ್ದಳು. ಕಿರುಬೆರಳೊಂದು ನಿಶ್ಚಲವಾಗಿ ಉಳಿಯಿತು. ಮಿಕ್ಕ ಕಾಲು ನಡೆಯಿತು.

ಮಿಸ್ ಓಲಾ ತಾಯಿ ಮಗಳ ಜೊತೆ ಕೆಳಗಿಳಿದು ಬಂದು ಕುರ್ಚಿಯನ್ನು ಡೆಲ್ಫೀನ್ ಕೈಗಿಟ್ಟಳು. "ನನಗೆ ಇನ್ನು ಬೇಡ ಕಣವ್ವ. ನಿನಗೇ ಬೇಕಾಗ್ತದೆ." ಬಸ್ಸು ಬಂತು, ಹತ್ತಿ ಹೋದಳು. ಅವಳು ಮತ್ತೆ ಆ ಬೀದಿಗೆ ಬರಲಿಲ್ಲ.

ಡಾಂಬರು ಅಗೆದುಹಾಕಿದ್ದಕ್ಕೆ ಡೆಲ್ಫೀನಳ ಕೆಲಸ ಹೋಯಿತು. ಕಟ್ಟಡ ತುಂಬಿತು. ಕೆಳಗೆ ಕಾಫಿ ಅಂಗಡಿ ಬಂತು, ಬಾಲ್ಕನಿಗಳಲ್ಲಿ ಬಣ್ಣದ ದೀಪ ಬಂದವು. ಎದುರು ಫುಟ್‌ಪಾತಿನಲ್ಲಿ ಬೋರ್ಡಿನ ಕೆಳಗೆ ದಿನವೂ ಸಂಜೆ ಒಬ್ಬ ಹೆಂಗಸು ನೆಲದ ಮೇಲೆ, ಒಂದು ಮಗು ಹಸಿರು ಪಟ್ಟಿಯ ಕುರ್ಚಿಯಲ್ಲಿ. ಅಲ್ಲಿ ಕೂತರೆ ಅವರ ಸ್ವಂತ ಮನೆಯ ಕಿಟಕಿ ನೇರವಾಗಿ ಕಾಣುತ್ತಿತ್ತು. ದೀಪವನ್ನು ಡೆಲ್ಫೀನ್ ಬೇಕೆಂದೇ ಉರಿಯಲು ಬಿಟ್ಟು ಬರುತ್ತಿದ್ದಳು. ಮಗುವಿಗೆ ಅಲ್ಲಾದರೂ ನಿದ್ದೆಯಿತ್ತು. ಅಷ್ಟು ಸಾಕು ಎಂದುಕೊಂಡಿದ್ದಳು.

ಒಂದು ಸಂಜೆ ಹಾಲಿಸ್ ರಸ್ತೆ ದಾಟಿ ಬಂದ. ಟೋಪಿ ಕೈಯಲ್ಲಿತ್ತು.

"ಬಾಸ್..." ಅವನಿನ್ನೂ ಹಾಗೇ ಕರೆಯುತ್ತಿದ್ದ. "ಮೇಲಿನ ಮನೆಯೋರು ದೂರು ಕೊಟ್ಟಿದ್ದಾರೆ. ನಿಮ್ಮ ಜಾಗಕ್ಕೆ ಬಂದ ಹೊಸ ಮೇಡಮ್ ಹೇಳಿದ್ರು... ಇಲ್ಲಿ ಕೂರೋ ಹಾಗಿಲ್ವಂತೆ. ನಾಳೆ ಈ ಮರಾನೂ ಕಡೀತಾರೆ. ನಾನು ಬೇಡ ಅಂತ ಎಷ್ಟೋ ಹೇಳ್ದೆ."

"ಹಾಲಿಸ್, ಇವಳಿಗೆ ನಿದ್ದೆ ಬರೋದು ಇಲ್ಲೊಂದೇ ಕಡೆ ಕಣೋ."

"ಗೊತ್ತು ಬಾಸ್." ಅವನು ಟೋಪಿಯನ್ನು ಕೈಯಲ್ಲೇ ತಿರುಗಿಸಿದ. "ಎಲ್ಲಿಗೆ ಹೋಗ್ತೀರಾ?"

ಆ ಪ್ರಶ್ನೆಯನ್ನು ಅವನು ಹಿಂದೊಮ್ಮೆ ಕೇಳಿದ್ದ. ಉತ್ತರವನ್ನು ಅವಳೇ ಕೊಟ್ಟಿದ್ದಳು. ಡೆಲ್ಫೀನ್ ಮಗಳನ್ನು ಎಬ್ಬಿಸಿ, ಕುರ್ಚಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು. ಮರದ ನೆರಳು ದಾಟಿದ್ದೇ ಜೂನಿಯ ಕಾಲು ಮತ್ತೆ ನಡೆಯತೊಡಗಿತು.

"ಅಮ್ಮಾ, ನಮ್ಮನೆ ಅದೇ ಅಲ್ವಾ?" ಮಗು ನಿದ್ದೆಗಣ್ಣಿನಲ್ಲಿ ಮೂರನೇ ಅಂತಸ್ತಿನ ದೀಪದ ಕಡೆ ಕೈ ತೋರಿಸಿತು. ಕಾಲು ಇನ್ನೊಂದು ಕಡೆಗೆ ನಡೆಯುತ್ತಿತ್ತು.

"ಹೂಂ ಕಂದ. ಅದೇ ನಮ್ಮನೆ," ಎಂದಳು ಡೆಲ್ಫೀನ್, ಅವಳ ಕೈ ಹಿಡಿದು ಜೊತೆಗೆ ಹೆಜ್ಜೆ ಹಾಕುತ್ತ.