ಎಣ್ಣೆ ಬಿಡುವ ತನಕ

ಬಹಳ ಹಿಂದೆ, ಕಡಲಾಚೆಯ ಮಲಯ ಸೀಮೆಯಲ್ಲಿ ಕೆನಂಗಾ ಎಂಬ ರಾಜ್ಯವಿತ್ತು. ಅಲ್ಲಿ ದುಗ್ಗಪ್ಪ ಎಂಬ ದೋಣಿಯವನಿದ್ದ. ನಮ್ಮ ಕರಾವಳಿಯಿಂದ ಹೋದವನು. ಆ ನಾಡಿನ ಸೆರೋಜಾಳನ್ನು ಮದುವೆಯಾಗಿ ಅಲ್ಲೇ ನಿಂತ. ಹನ್ನೆರಡು ವರ್ಷ ಅವಳು ಬಡಿಸಿದಳು, ಅವನು ಉಂಡ. ಆಮೇಲೆ ಅವಳು ಜ್ವರದಲ್ಲಿ ತೀರಿಕೊಂಡಳು. ಮನೆಯಲ್ಲಿ ಉಳಿದವರು ಮೂವರು. ದುಗ್ಗಪ್ಪ, ಆರು ವರ್ಷದ ಮಗಳು ಚಂಪಕಾ, ಕಣ್ಣು ಕಾಣದ ಅತ್ತೆ.

ಆ ವರ್ಷ ಗಾಗಕ್ ಎಂಬ ಮಾಂತ್ರಿಕ ಗುಡ್ಡದ ಗವಿಗೆ ಬಂದ. ಒಂದು ಉಸಿರು ಎಳೆದ. ರಾಜ್ಯದ ಹಸಿವೆಲ್ಲ ಅವನ ಹೊಟ್ಟೆ ಸೇರಿತು. ದೊಡ್ಡವರು ಬಲವಂತಕ್ಕೆ ನಾಲ್ಕು ತುತ್ತು ನುಂಗಿದರು. ಮಕ್ಕಳು ನುಂಗಲಿಲ್ಲ. ಚಂಪಕಾಳ ಕೈಕಾಲು ಕಡ್ಡಿಯಾದವು.

ಅರಸನ ಬಾಣಸಿಗರು ಚಿನ್ನದ ತಟ್ಟೆಗಳಲ್ಲಿ ಅಡುಗೆ ಹೊತ್ತು ಹಸಿವು ಬಿಡಿಸಲು ಗವಿಗೆ ಹೋದರು. ಗಾಗಕ್ ಎಲ್ಲ ತಿಂದು ನಕ್ಕ.

"ನನ್ನ ಹೊಟ್ಟೆಯಲ್ಲಿರುವುದು ಬಡವರ ಹಸಿವು. ಅದು ಈ ಅರಮನೆಯ ಅಡುಗೆಯನ್ನು ಗುರುತೇ ಹಿಡಿಯುವುದಿಲ್ಲ. ಯಾರ ಅಡುಗೆಗೆ ಒಂದೇ ಒಂದು ಹಸಿವು ಎದ್ದು ಬಂದರೂ ಎಲ್ಲವನ್ನೂ ಬಿಡುತ್ತೇನೆ. ಮೂರು ಸಲ ಸೋತವನು ಕಲ್ಲಾಗುತ್ತಾನೆ."

ಸುದ್ದಿ ಕೇಳಿ ಮನೆಯಲ್ಲಿ ದುಗ್ಗಪ್ಪ ಎದ್ದ. "ಅತ್ತೆ, ನಾನು ಹೋಗ್ತೀನಿ."

"ಏನು ಬೇಯಿಸ್ತೀರಿ ಅಳಿಯಂದಿರೇ? ಬಿಸಿನೀರಾ?"

"ತೆಂಗಿನ ಹಾಲಿನ ಅನ್ನ. ಖಾರದ ಗೊಜ್ಜು, ಸಂಬಲ್. ಮಗುವಿಗೆ ನಿಮ್ಮ ಮಗಳು ಮಾಡ್ತಿದ್ದದ್ದು."

ಅತ್ತೆ ಮಾಡುವ ಬಗೆಯನ್ನು ಒಂದೊಂದಾಗಿ ಹೇಳಿದಳು. ಅನ್ನಕ್ಕೆ ಘಮಘಮಿಸುವ ಪಂದಾನ್ ಎಲೆಯನ್ನು ಗಂಟು ಕಟ್ಟಿ ಹಾಕಬೇಕು. ಸಂಬಲ್‌ಗೆ ಒಣಮೆಣಸು ನೆನೆಸಿ, ಈರುಳ್ಳಿ ಜೊತೆ ಅರೆದು, ಎಣ್ಣೆಯಲ್ಲಿ ಬಾಡಿಸಬೇಕು. ಹುಣಸೆ, ಬೆಲ್ಲ, ಹುರಿದ ಪುಟ್ಟ ಒಣಮೀನು.

ಗವಿಯ ಬಾಗಿಲಲ್ಲಿ ಮಂತ್ರದ ಹುಲಿಯೊಂದು ಮಲಗಿತ್ತು. ಅದರ ಹಸಿವನ್ನೂ ಒಡೆಯನೇ ನುಂಗಿದ್ದ. ಹುಲಿ ದುಗ್ಗಪ್ಪನನ್ನು ನೋಡಿತು, ಆಕಳಿಸಿತು, ಮಗ್ಗುಲು ಬದಲಿಸಿತು.

ಮೊದಲ ಸಲ ದುಗ್ಗಪ್ಪ ಗವಿಯಲ್ಲೇ ಒಲೆ ಹೂಡಿ ದೊಡ್ಡ ಉರಿಯಲ್ಲಿ ಬೇಗ ಬೇಗ ಮಾಡಿದ. ಗಾಗಕ್ ತಿಂದ. ಹೊಟ್ಟೆಯೊಳಗೆ ಏನೋ ಮಿಸುಕಿತು. ಮತ್ತೆ ಸುಮ್ಮನಾಯಿತು. ದುಗ್ಗಪ್ಪನ ಪಾದ ಕಲ್ಲಿನಂತೆ ಭಾರವಾಯಿತು.

"ಎಣ್ಣೆ ಬಿಟ್ಟಿತಾ?" ಮನೆಗೆ ಬಂದವನನ್ನು ಅತ್ತೆ ಕೇಳಿದಳು.

"ಅಂದರೆ?"

"ಹನ್ನೆರಡು ವರ್ಷ ಉಂಡಿರಿ. ಒಂದು ದಿನವೂ ಒಲೆ ಕಡೆ ನೋಡಲಿಲ್ಲವಲ್ಲ! ಮಸಾಲೆ ಬೆಂದರೆ ಎಣ್ಣೆ ಕೆಂಪಾಗಿ ಮೇಲೆ ಬರುತ್ತದೆ. ಅಲ್ಲಿವರೆಗೆ ಇಳಿಸಬಾರದು."

ಎರಡನೆಯ ಸಲ ದುಗ್ಗಪ್ಪ ಇನ್ನೊಂದು ಸೌಟು ಎಣ್ಣೆ ಸುರಿದ. ಎಣ್ಣೆ ಮೇಲೆ ನಿಂತಿತು. ಗಾಗಕ್ ತಿಂದ. ಏನೋ ಮಿಸುಕಿತು, ಸುಮ್ಮನಾಯಿತು. ದುಗ್ಗಪ್ಪನ ಮೊಣಕಾಲು ಬಿಗಿಯಿತು.

"ಸುರಿದಿರಾ?" ಮನೆಯಲ್ಲಿ ಅವನು ಹೇಳಿದ್ದು ಕೇಳಿ ಅತ್ತೆ ಹಣೆ ಚಚ್ಚಿಕೊಂಡಳು. "ಅಯ್ಯೋ ದೇವರೇ! ಅದಾಗಿಯೇ ಬಿಡಬೇಕು. ಸಣ್ಣ ಉರಿ. ಕೈ ಆಡಿಸ್ತಾ ಇರಬೇಕು."

ಚಂಪಕಾ ಆ ದಿನ ಚಾಪೆಯಿಂದ ಏಳಲಿಲ್ಲ.

ಮೂರನೆಯ ಸಲ ದುಗ್ಗಪ್ಪ ಸಣ್ಣ ಉರಿ ಹಾಕಿ ಕೂತ. ಬೆಳಗ್ಗೆ ಕೂತವನು ಮಧ್ಯಾಹ್ನವಾದರೂ ಏಳಲಿಲ್ಲ. ಕೈ ಆಡಿಸಿದ, ಆಡಿಸಿದ. ಗಾಗಕ್‌ಗೆ ದಿಗಿಲಾಯಿತು. ಸೆರೋಜಾಳ ದನಿ ತೆಗೆದ.

"ರೀ, ಬಂದಿದೀನಿ. ಒಂದು ಸಲ ತಿರುಗಿ ನೋಡಿ."

ದುಗ್ಗಪ್ಪನ ಕೈ ನಿಂತಿತು. ಅದೇ ದನಿ. ಅವನಿಗೆ ನೋಡಬೇಕೆನಿಸಿತು. ಬಹಳ ನೋಡಬೇಕೆನಿಸಿತು. ಬಾಣಲೆಯಲ್ಲಿ ತಳ ಹಿಡಿಯುವ ವಾಸನೆ ಬಂತು.

"ಈಗ ಆಗಲ್ಲ ಮಾರಾಯ್ತಿ," ಎಂದ. "ಮಗು ಉಂಡಿಲ್ಲ."

ಮತ್ತೆ ಕೈ ಆಡಿಸಿದ. ಅಂಚಿನಲ್ಲಿ ಒಂದು ಹನಿ ಕೆಂಪೆಣ್ಣೆ ಎದ್ದಿತು. ಆಮೇಲೆ ಸುತ್ತಲೂ ಎದ್ದಿತು. ಘಮ ಗವಿ ತುಂಬಿತು. ಗಾಗಕ್‌ನ ಹೊಟ್ಟೆಯಿಂದ ಪುಟ್ಟ ಹಸಿವೊಂದು ಬೆಕ್ಕಿನ ಮರಿಯಂತೆ ಕಿರುಚುತ್ತಾ ಹೊರಗೆ ಹಾರಿತು. ಅದು ಚಂಪಕಾಳದು. ಅದರ ಹಿಂದೆ ರಾಜ್ಯದ ಹಸಿವೆಲ್ಲ ನುಗ್ಗಿ ಬಂತು. ಖಾಲಿಯಾದ ಗಾಗಕ್ ಕುಗ್ಗಿ ಕುಗ್ಗಿ ಕಾಗೆಯಾದ. ಕಾ ಎಂದು ಕಡಲ ಕಡೆ ಹಾರಿಹೋದ. ದುಗ್ಗಪ್ಪನ ಕಾಲು ಸಡಿಲವಾಯಿತು.

ಬಾಗಿಲಲ್ಲಿ ಹುಲಿ ಎದ್ದು ನಿಂತು ನಾಲಿಗೆ ಚಾಚಿತ್ತು. ದುಗ್ಗಪ್ಪ ಬಾಳೆ ಎಲೆಯಲ್ಲಿ ಒಂದು ಪಾಲು ಇಟ್ಟ. ಹುಲಿ ಒಂದೇ ಬಾಯಿಗೆ ನುಂಗಿತು. ಖಾರ ತಲೆಗೇರಿ ಹೊಳೆಗೆ ಓಡಿತು.

ಮನೆಯಲ್ಲಿ ಚಂಪಕಾ ಎದ್ದು ಕೂತಿದ್ದಳು. "ಅಪ್ಪ, ಹಸಿವು!"

ದುಗ್ಗಪ್ಪ ಬಡಿಸಿದ. ಅವಳು ತಿಂದಳು. ಮೂಗು ಒರೆಸಿಕೊಂಡಳು.

"ಅಮ್ಮಂದು ಇಷ್ಟು ಖಾರ ಇರಲಿಲ್ಲ."

"ಹೌದು."

"ಇನ್ನೂ ಹಾಕು."

ಅತ್ತೆ ತಟ್ಟೆ ತಡವಿ ಒಂದು ತುತ್ತು ಬಾಯಿಗಿಟ್ಟಳು. "ಉಪ್ಪು ಮರೆತಿದೀರಿ ಅಳಿಯಂದಿರೇ," ಎಂದಳು. ಮತ್ತೆ ಬಡಿಸಿಕೊಂಡಳು.

ಕೆನಂಗಾ ರಾಜ್ಯದ ಒಲೆಗಳೆಲ್ಲ ಹೊತ್ತಿದವು. ಎಲ್ಲರೂ ಉಂಡರು, ಸುಖವಾಗಿದ್ದರು. ದುಗ್ಗಪ್ಪ ಉಪ್ಪು ತಂದು, ತನ್ನ ತಟ್ಟೆ ಹಾಕಿಕೊಂಡು, ಅವರ ಜೊತೆ ಕೂತ.